ಹೊಳೆ ನೋಡಲು ಬರುವ ಮಗಳಿಗೆ

ಚಿ. ಮೇಘಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಭತ್ತದ ಕುಯ್ಲು ಮುಗಿದು ಒಕ್ಕಣೆಯೂ ಆಯಿತು. ನಿನ್ನ ದೊಡ್ಡಮ್ಮ ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಈಗಲೇ ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹಾಕಿದ್ದಾಳೆ. ಹಬ್ಬ ಮುಗಿಸಿಕೊಂಡು ಸ್ನೇಹಿತರ ಜೊತೆ ಎರಡು ದಿನ ಹೊಳೆ, ನಾಲೆ ಅಂತ ಆರಾಮಾಗಿ ಕಳೆಯಬೇಕು ಅಂತ ನೀನು ಬರೆದಿದ್ದು ಓದಿ ಮನಸ್ಸಿಗೆ ಬಹಳ ಖುಷಿಯಾಯಿತು. ಊರು ಬಿಟ್ಟ ಮಕ್ಕಳು ಊರಿನ ನೀರು ನೋಡೋಕೆ ಬರುತ್ತೀವಿ ಅಂದರೆ ಯಾರಿಗೆ ತಾನೇ ಖುಷಿಯಾಗಲ್ಲ?

ಆದರೆ ನೀನು ಕಳಿಸಿದ ಪಟ್ಟಿ ನೋಡಿ ಸ್ವಲ್ಪ ಯೋಚನೆಯಾಯಿತು. ಕನ್ನಂಬಾಡಿ, ಬಲಮುರಿ, ಎಡಮುರಿ, ರಂಗನತಿಟ್ಟು, ಸಂಗಮ, ಶಿವನಸಮುದ್ರ, ತಲಕಾಡು, ಮುತ್ತತ್ತಿ. ಎರಡೇ ದಿನದಲ್ಲಿ ಇಷ್ಟೂ ಕಡೆ ಸುತ್ತಿದರೆ ಜಾಸ್ತಿ ಹೊತ್ತು ಕಾರಿನಲ್ಲೇ ಇರುತ್ತೀರಿ. ಒಂದೊಂದು ಕಡೆ ಇಳಿದು, ಫೋಟೋ ತೆಗೆದು, ಮತ್ತೆ ಹತ್ತೋದು. ಅದಕ್ಕಾಗಿ ಬೆಂಗಳೂರಿನಿಂದ ಬರಬೇಕಾಗಿಲ್ಲ. ನನ್ನ ಮಾತು ಕೇಳು: ಒಂದು ದಿನ ನಾಲೆಗೆ ಕೊಡು, ಒಂದು ದಿನ ಕಾವೇರಿ ಹೊಳೆಗೆ ಕೊಡು. ಉಳಿದಿದ್ದು ಇನ್ನೊಂದು ಸಲಕ್ಕಿರಲಿ. ಶಿವನಸಮುದ್ರವಂತೂ ಮುಂಗಾರಿನಲ್ಲಿ ಹೊಳೆ ತುಂಬಿದಾಗ ನೋಡಬೇಕಾದ್ದು. ಜನವರಿಯಲ್ಲಿ ಅಲ್ಲಿನ ಗಗನಚುಕ್ಕಿ, ಭರಚುಕ್ಕಿ ಜಲಪಾತ ನೋಡಿದವರು 'ಇಷ್ಟೇನಾ' ಅಂದು ವಾಪಸ್ ಬರುತ್ತಾರೆ.

ನಾಲೆ ನೋಡೋಕೆ ಏನಿದೆ ಅಂತ ನಿನ್ನ ಸ್ನೇಹಿತರು ಕೇಳಬಹುದು. ಕೆಲಸದಲ್ಲಿ ಇದ್ದಷ್ಟು ಕಾಲವೂ ನಾಲೆ ಏರಿ ಮೇಲೆ ಓಡಾಡಿದವನು ನಾನು. ನನಗೆ ಕೇಳಿದರೆ, ಈ ಸೀಮೆಯಲ್ಲಿ ಬೆಳಗಿನ ಹೊತ್ತು ಕಳೆಯೋಕೆ ನಾಲೆ ಏರಿಗಿಂತ ಒಳ್ಳೇ ಜಾಗ ಇಲ್ಲ. ಬೆಳಿಗ್ಗೆ ಆರೂವರೆಗೆ ಎದ್ದು ಬನ್ನಿ. ಆ ಹೊತ್ತಿಗೆ ನೀರಿನ ಮೇಲೆ ಇನ್ನೂ ಮಂಜು ಇರುತ್ತದೆ. ಒಂದು ಕಡೆ ಹೊಂಗೆ ಮರದ ಸಾಲು, ಇನ್ನೊಂದು ಕಡೆ ಕಬ್ಬು. ಕುಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿ. ಕರೆಂಟ್ ತಂತಿ ಮೇಲೆ ಮಿಂಚುಳ್ಳಿ ಕೂತಿರುತ್ತದೆ. ಅದನ್ನು ಕಂಡರೆ ಅಲ್ಲೇ ನಿಲ್ಲಿ, ಮುಂದಕ್ಕೆ ಹೋಗಬೇಡಿ. ಐದು ನಿಮಿಷ ಸುಮ್ನೆ ನಿಂತರೆ ಅದು ನೀರಿಗೆ ಬಿದ್ದು ಮೀನು ಹಿಡಿದು ಮತ್ತೆ ಅದೇ ತಂತಿಗೆ ಬಂದು ಕೂರುತ್ತದೆ. ಮೀನನ್ನು ತಂತಿಗೆ ಬಡಿದು ಬಡಿದು ನುಂಗೋದನ್ನೂ ನೋಡಬಹುದು.

ನಡೀತಾ ನಡೀತಾ ಒಂದು ಹೊಂಗೆ ಎಲೆ ಕಿತ್ತು ನಾಲೆಯ ನಡುವಿಗೆ ಹಾಕು. ಅದರ ಸಮಕ್ಕೆ ನೀನೂ ಏರಿ ಮೇಲೆ ನಡಿ. ನೀರು ನಿಧಾನಕ್ಕೆ ಹೋಗುತ್ತಿದೆ ಅಂತ ಕಣ್ಣಿಗೆ ಕಂಡಿರುತ್ತದೆ, ಆದರೆ ಎಲೆಯ ಜೊತೆ ಹೋಗೋಕೆ ನೀನು ಬಿರುಸಾಗಿ ಹೆಜ್ಜೆ ಹಾಕಬೇಕಾಗುತ್ತದೆ. ಈಗ ಇನ್ನೊಂದು ಎಲೆ ದಡದ ಪಕ್ಕಕ್ಕೇ ಹಾಕು. ಅದು ಹಿಂದೆ ಉಳಿಯುತ್ತದೆ. ಅಂಚಿನಲ್ಲಿ ನೀರು ದಡಕ್ಕೆ ಉಜ್ಜಿಕೊಂಡು ನಿಧಾನವಾಗುತ್ತದೆ, ನಡುವೆ ತಡೆಯೋರು ಯಾರೂ ಇಲ್ಲ. ನಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ನೀರಿನ ವೇಗ ನೋಡೋಕೆ ಹಿರಿಯರು ಹೇಳಿಕೊಟ್ಟಿದ್ದು ಹೀಗೇ. ಬಿರುಸಾಗಿ ನಡೆದರೂ ಎಲೆ ನಿನ್ನನ್ನು ಹಿಂದೆ ಹಾಕಿತು ಅಂದರೆ, ಆ ನೀರು ಸೊಂಟದ ಮಟ್ಟಕ್ಕಿದ್ದರೂ ಕಾಲು ನಿಲ್ಲಿಸೋದಿಲ್ಲ ಅಂತ ತಿಳಿ. ಇದನ್ನು ನಿನ್ನ ಸ್ನೇಹಿತರಿಗೂ ಮಾಡಿಸು. ನೀರಿಗೆ ಇಳೀಬೇಡಿ ಅಂತ ನೂರು ಸಲ ಹೇಳೋದಕ್ಕಿಂತ ಈ ಎಲೆ ಚೆನ್ನಾಗಿ ಹೇಳುತ್ತದೆ.

ನೀವು ನಡೆಯೋದು ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ. ನಾವೆಲ್ಲ ವಿ.ಸಿ. ನಾಲೆ ಅಂತೀವಿ. ನಮ್ಮಪ್ಪನ ಕಾಲದವರು ಇರ್ವಿನ್ ನಾಲೆ ಅಂತಿದ್ದರು, ವೈಸರಾಯ್ ಇರ್ವಿನ್ ಹೆಸರು ಅದು. ಇದಕ್ಕೆ ನೀರು ಕೊಡುವ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್., ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್. ಸಿಮೆಂಟ್ ಇಲ್ಲದೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಟ್ಟೆ ಅದು. ಈ ನಾಲೆ ಬರೋದಕ್ಕೆ ಮುಂಚೆ ಮಂಡ್ಯದ ಸುತ್ತಮುತ್ತ ರಾಗಿ, ಹುರುಳಿ ಬಿಟ್ಟರೆ ಹೆಚ್ಚಿಗೆ ಏನೂ ಬೆಳೆಯುತ್ತಿರಲಿಲ್ಲ. ನಿಮ್ಮ ಅಜ್ಜಿ ಹೇಳುತ್ತಿದ್ದರು, ಅವರ ಚಿಕ್ಕಂದಿನಲ್ಲಿ ಅನ್ನ ಹಬ್ಬದ ಊಟವಾಗಿತ್ತಂತೆ.

ಹುಲಿಕೆರೆ ಹತ್ತಿರ ಈ ನಾಲೆ ಗುಡ್ಡದೊಳಗೆ ನುಗ್ಗಿ, 2 ಕಿಲೋಮೀಟರಿಗೂ ಜಾಸ್ತಿ ದೂರ ಸುರಂಗದಲ್ಲೇ ಹರಿದು ಆ ಕಡೆಗೆ ಬರುತ್ತದೆ. ಇಷ್ಟು ದೊಡ್ಡ ನೀರು ನೆಲದೊಳಗೆ ಹೋಗೋದನ್ನು ದೂರದಿಂದ ನೋಡಬಹುದು. ಸುರಂಗದ ಬಾಯಿ ಹತ್ತಿರಕ್ಕೆ ಮಾತ್ರ ಹೋಗಬೇಡಿ.

ವಿ.ಸಿ. ನಾಲೆಗೆ ಇನ್ನೂ ನೂರು ವರ್ಷ ಆಗಿಲ್ಲ. ಶ್ರೀರಂಗಪಟ್ಟಣದ ಸುತ್ತ ಅದಕ್ಕಿಂತ ಬಹಳ ಹಳೆಯ ನಾಲೆಗಳಿವೆ. ಚಿಕ್ಕದೇವರಾಯ ನಾಲೆಗೆ ಚಿಕ್ಕದೇವರಾಜ ಒಡೆಯರ ಹೆಸರೇ ಇದೆ. ಅವರು ಆಳಿದ್ದು 1673ರಿಂದ 1704ರವರೆಗೆ. ಹೊಳೆಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಕಟ್ಟೆ ಹಾಕಿ, ನೀರನ್ನು ಒಂದು ಪಕ್ಕಕ್ಕೆ ತಿರುಗಿಸಿ, ನೆಲದ ಇಳಿಜಾರು ನೋಡಿಕೊಂಡು ಮೈಲಿಗಟ್ಟಲೆ ಹರಿಸಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ. ಬಂಗಾರದೊಡ್ಡಿ ನಾಲೆಯಂತೂ ಮೇಲ್ಗಾಲುವೆಯಲ್ಲಿ ಹೊಳೆಯನ್ನೇ ದಾಟಿ ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ, ದ್ವೀಪಕ್ಕೆ ಹೋಗುತ್ತದೆ. ಕೆಳಗೆ ಕಾವೇರಿ, ಮೇಲೆ ಕಾವೇರಿಯದೇ ನೀರು ಹೊತ್ತ ಕಾಲುವೆ! ಇದನ್ನು ತಪ್ಪದೆ ನೋಡಿ.

ಬಿಸಿಲು ಏರುವ ಮುಂಚೆ ಕರೀಘಟ್ಟ ಹತ್ತಿ. ನೂರಾರು ಮೆಟ್ಟಿಲಿವೆ, ನಿಮ್ಮ ವಯಸ್ಸಿಗೆ ಏನೂ ಅಲ್ಲ. ಮೊದಲು ದೇವರಿಗೆ ಕೈ ಮುಗಿದು, ಆಮೇಲೆ ಬಂಡೆಯ ಮೇಲೆ ಕೂತು ಕೆಳಗೆ ನೋಡಿ. ಲೋಕಪಾವನಿ ಹೊಳೆ ಬಂದು ಕಾವೇರಿಗೆ ಸೇರೋದು ಅಲ್ಲೇ ಹತ್ತಿರದಲ್ಲಿ. ಹೊಳೆ ಎರಡಾಗಿ ಪಟ್ಟಣವನ್ನು ಬಳಸಿ ಮತ್ತೆ ಒಂದಾಗೋದು ಗೊತ್ತಾಗುತ್ತದೆ. ಆಮೇಲೆ ನಾಲೆಯನ್ನು ಹುಡುಕಿ. ನೀರು ಕಾಣದಿದ್ದರೂ ಅದು ಎಲ್ಲಿದೆ ಅಂತ ಬಣ್ಣವೇ ಹೇಳುತ್ತದೆ. ನಾಲೆಯ ಕೆಳಗಡೆ ಹಸಿರು, ಮೇಲುಗಡೆ ಒಣ ನೆಲ. ನೀರು ತಾನಾಗಿ ಮೇಲಕ್ಕೆ ಹತ್ತಲ್ಲ ಅಲ್ವಾ? ಏರಿಯ ಮೇಲುಗಡೆ ಹತ್ತೇ ಮಾರು ದೂರ ಜಮೀನಿದ್ದವನು ಇವತ್ತಿಗೂ ಮಳೆ ಕಾಯುತ್ತಾನೆ. ಆ ಗೆರೆಯನ್ನು ಒಂದು ಸಲ ಕಣ್ಣಾರೆ ಕಂಡರೆ, ನಾಲೆಗೆ ನೀರು ಬಿಡಲಿಲ್ಲ ಅಂತ ನಮ್ಮ ಜನ ಹೆದ್ದಾರಿಗೆ ಬಂದು ಯಾಕೆ ಕೂರುತ್ತಾರೆ ಅಂತ ನಿನ್ನ ಸ್ನೇಹಿತರಿಗೆ ನಾನು ವಿವರಿಸಬೇಕಾಗಿಲ್ಲ.

ಇಳಿದು ಬರುವಾಗ ಯಾವುದಾದರೂ ಆಲೆಮನೆ ಮುಂದೆ ನಿಲ್ಲಿ. ಕಬ್ಬಿನ ಸಿಪ್ಪೆ ಹಾಕಿ ಒಲೆ ಉರಿಸುತ್ತಿರುತ್ತಾರೆ. ಕೇಳಿದರೆ ಕಬ್ಬಿನ ಹಾಲು ಕೊಡುತ್ತಾರೆ, ಪಾಕ ಹದಕ್ಕೆ ಬಂದಿದ್ದರೆ ಬಿಸಿ ಬೆಲ್ಲ ಎಲೆ ಮೇಲೆ ಹಾಕಿ ಕೊಡುತ್ತಾರೆ. ಕೇಳದೆ ಗದ್ದೆಗೆ ನುಗ್ಗಿ ಕಬ್ಬು ಮುರೀಬೇಡಿ. ಒಂದು ಜಲ್ಲೆ ಅಂತ ನಿಮಗೆ ಅನಿಸುತ್ತದೆ, ದಾರಿ ಪಕ್ಕದ ಗದ್ದೆಯವನಿಗೆ ದಿನಾ ಬರುವವರದ್ದೆಲ್ಲ ಸೇರಿ ಒಂದು ಸಾಲೇ ಹೋಗಿರುತ್ತದೆ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತು. ನಾಲೆಗೆ ಇಳಿಯಬೇಡಿ. ಈಜು ಬಂದರೂ ಬೇಡ. ನಿಮ್ಮಪ್ಪ, ನಾನು ಇದೇ ನಾಲೆಯಲ್ಲಿ ಈಜು ಕಲಿತವರು, ನಿಜ. ಆಗ ದಡದಲ್ಲಿ ಹುಲ್ಲಿತ್ತು, ಬೇರಿತ್ತು, ಹಿಡಿಯೋಕೆ ಏನಾದರೂ ಸಿಗುತ್ತಿತ್ತು. ಈಗ ಬಹಳ ಕಡೆ ಎರಡೂ ಬದಿಗೆ ಕಾಂಕ್ರೀಟ್ ಹಾಕಿದ್ದಾರೆ. ನೀರು ಸೋರಿ ಹೋಗದೆ ಕೊನೇ ಭಾಗದವರಿಗೂ ತಲುಪಲಿ ಅಂತ ಮಾಡಿದ್ದು, ಅದು ಸರಿಯೇ. ಆದರೆ ಆ ಇಳಿಜಾರಿನ ಮೇಲೆ ಪಾಚಿ ಕಟ್ಟುತ್ತದೆ. ಒಳಗೆ ಬಿದ್ದವನಿಗೆ ಕೈಯಿಡೋಕೆ ಏನೂ ಇಲ್ಲ, ಕಾಲೂ ನಿಲ್ಲಲ್ಲ. ಮೇಲೆ ಹತ್ತೋಕೆ ಹೋದಷ್ಟೂ ಜಾರುತ್ತಾನೆ. ತೂಬಿನ ಬಾಯಿ ಹತ್ತಿರ ನೀರು ಒಳಕ್ಕೆ ಎಳೆಯುತ್ತದೆ, ಅದು ಮೇಲೆ ನಿಂತವರಿಗೆ ಕಾಣಲ್ಲ.

ನಾಲೆ ಪಕ್ಕದ ರಸ್ತೆಯಲ್ಲಿ ಕಾರು ಓಡಿಸುವಾಗಲೂ ಅಷ್ಟೇ ಎಚ್ಚರ ಬೇಕು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದಾದ ಮೇಲೂ ಕಾರುಗಳು ಬಿದ್ದಿವೆ. ಕತ್ತಲಾದ ಮೇಲೆ ನಾಲೆ ರಸ್ತೆ ಹಿಡಿಯಬೇಡಿ. ಮ್ಯಾಪು ಹತ್ತಿರದ ದಾರಿ ಅಂತ ತೋರಿಸಿದರೂ ಸರಿ, ಸುತ್ತಿಕೊಂಡು ಮುಖ್ಯರಸ್ತೆಯಲ್ಲೇ ಬನ್ನಿ.

ದೇವರು ದೊಡ್ಡವನು, ಏನೂ ಆಗದಿರಲಿ. ಆದರೂ ಒಂದು ತಿಳಿದುಕೊಂಡಿರು. ಯಾರಾದರೂ ಬಿದ್ದರೆ ಹಿಂದೆಯೇ ಇನ್ನೊಬ್ಬರು ಹಾರಬಾರದು. ಒಬ್ಬರನ್ನು ಉಳಿಸೋಕೆ ಹೋಗಿ ಮೂರು ಜನ ಹೋಗೋದು ಹೀಗೆಯೇ. ದುಪ್ಪಟ್ಟವೋ ಪಂಚೆಯೋ ಹಗ್ಗವೋ ಎಸೆಯಬೇಕು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು ಕೂಡ ಮನುಷ್ಯನನ್ನು ತೇಲಿಸುತ್ತದೆ. ಕಾರಿನಲ್ಲಿ ಉದ್ದದ ಹಗ್ಗ ಒಂದಿರಲಿ. ಬಿದ್ದವರು ನೀರಿಗೆ ಎದುರಾಗಿ ಈಜಬಾರದು. ಅಂಗಾತ ತೇಲುತ್ತಾ, ಕಾಲು ಮುಂದೆ ಮಾಡಿಕೊಂಡು, ಹರಿವಿನ ಜೊತೆಯಲ್ಲೇ ಓರೆಯಾಗಿ ದಡಕ್ಕೆ ಸರಿಯುತ್ತಾ ಹೋಗಬೇಕು. ಬಟ್ಟೆ ಒಗೆಯುವ ಮೆಟ್ಟಿಲು ಸಿಕ್ಕ ಕಡೆ ಹಿಡಿದುಕೊಳ್ಳಬೇಕು. ಕೂಗಿ ಊರಿನವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ಇಷ್ಟು ಹೇಳಿದೆ ಅಂತ ಹೆದರಿಕೊಂಡು ನೀರಿನ ಹತ್ತಿರ ಬರೋದನ್ನೇ ಬಿಡಬೇಡ. ನೀರಿನ ಗುಣ ತಿಳಿದವರಿಗೆ ಅದರ ಪಕ್ಕ ನೆಮ್ಮದಿಯಾಗಿ ಕೂರೋಕೆ ಆಗುತ್ತದೆ. ನಿನಗೆ ಆ ನೆಮ್ಮದಿ ಸಿಗಲಿ ಅನ್ನೋದೇ ನನ್ನ ಆಸೆ.

ಎರಡನೇ ದಿನ ಹೊಳೆಗೆ ಹೋಗಿ. ಹೊರಡುವ ಮುಂಚೆ ಬೆಳಗಿನ ಪೇಪರ್ ನೋಡು. ಕೆ.ಆರ್.ಎಸ್. ಮಟ್ಟ, ಒಳಹರಿವು, ಹೊರಹರಿವು ಅಂತ ಹಾಕಿರುತ್ತಾರೆ. ಗರಿಷ್ಠ ಮಟ್ಟ 124.80 ಅಡಿ. ಅದು ತುಂಬಿದರೆ 49 ಟಿಎಂಸಿಗೂ ಮೇಲೆ ನೀರು, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಪೇಟೆಯವರು ಮಟ್ಟವನ್ನಷ್ಟೇ ಓದಿ ಬಿಡುತ್ತಾರೆ, ಹೊಳೆಗೆ ಹೋಗುವವರು ನೋಡಬೇಕಾದ್ದು ಹೊರಹರಿವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಸಾವಿರ ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ 28,000 ಲೀಟರ್. ನಿನ್ನೆಗಿಂತ ಇವತ್ತು ಹೊರಹರಿವು ಏರಿದ್ದರೆ, ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ನೀವು ನಡೆದು ಹೋಗಿ ಕೂತ ಬಂಡೆಯ ಸುತ್ತ ಅರ್ಧ ಗಂಟೆಯಲ್ಲಿ ನೀರು ಬಂದಿರಬಹುದು. ಅದಕ್ಕೇ ಹೊಳೆ ನಡುವಿನ ಬಂಡೆ ಬೇಡ, ದಡದ ಕಡೆಗೇ ಇರಿ.

ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ರಂಗನತಿಟ್ಟಿಗೆ ಹೋಗಿ. ಹತ್ತು ಗಂಟೆ ಮೇಲೆ ಹೋದರೆ ಜನರ ಗಲಾಟೆ ಜಾಸ್ತಿ. ಹಿಂದೆ ಹೊಳೆಗೆ ಕಟ್ಟೆ ಹಾಕಿದಾಗ ಉಂಟಾದ ಸಣ್ಣ ಸಣ್ಣ ತಿಟ್ಟುಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರು ಮಹಾರಾಜರಿಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿ ನಡೆಸುವವರ ಜೊತೆ ಮಾತಾಡು. ಯಾವ ಮರದಲ್ಲಿ ಯಾವ ಹಕ್ಕಿ ಅಂತ ಅವರಿಗೆ ಬಾಯಿಪಾಠ. ಬಾಯ್ಕಳಕ ಅನ್ನೋ ಕೊಕ್ಕರೆಯ ಕೊಕ್ಕನ್ನು ಗಮನಿಸು. ಪೂರ್ತಿ ಮುಚ್ಚಿದರೂ ನಡುವೆ ಒಂದು ಸಂದಿ ಉಳಿಯುತ್ತದೆ. ಅದಕ್ಕೆ ಬಸವನಹುಳು ಅಂದರೆ ಪ್ರಾಣ. ನೀರುಕಾಗೆ ಮುಳುಗಿ ಎದ್ದು ಬಂಡೆ ಮೇಲೆ ರೆಕ್ಕೆ ಹರಡಿಕೊಂಡು ಕೂತಿರುತ್ತದೆ, ಒಣಗಿಸಿಕೊಳ್ಳೋಕೆ. ಪಕ್ಕದ ಬಂಡೆಯಲ್ಲೇ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ದೋಣಿಯಿಂದ ಕೈ ಹೊರಗೆ ಹಾಕಬೇಡಿ ಅಂತ ಅವರು ಹೇಳೋದು ಸುಮ್ನೆ ಅಲ್ಲ. ಆ ಮೊಸಳೆಗಳಿಗೆ ಪಕ್ಷಿಧಾಮದ ಬೇಲಿಯೂ ಗೊತ್ತಿಲ್ಲ, ಹೊಳೆಯುದ್ದಕ್ಕೂ ಓಡಾಡುತ್ತವೆ.

ಬಲಮುರಿ, ಎಡಮುರಿಗೆ ಹೋಗಲೇಬೇಕು ಅಂತ ನಿನ್ನ ಸ್ನೇಹಿತರು ಹಟ ಮಾಡಿದರೆ ದಡದಿಂದ ನೋಡಿ ಬನ್ನಿ. ಕಟ್ಟೆ ಮೇಲಿಂದ ನೀರು ಒಂದೇ ಸಮ ತೆಳ್ಳಗೆ ಬೀಳೋದು ನೋಡೋಕೆ ಚೆನ್ನ. ಬಿದ್ದ ಜಾಗದಲ್ಲಿ ನೀರು ತಿರುಗಿ ಒಳಕ್ಕೆ ಎಳೆಯುತ್ತದೆ. ಮರಳು ತೆಗೆದ ಗುಂಡಿಗಳು ಬೇರೆ. ಮೊಣಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಗಿರುತ್ತದೆ. ಅಲ್ಲಿ ಮುಳುಗಿ ಹೋದ ಮಕ್ಕಳ ತಂದೆ ತಾಯಿ ದಡದಲ್ಲಿ ಕೂತು ಅಳೋದನ್ನು ನಾನು ನೋಡಿದ್ದೇನೆ, ಮತ್ತೆ ನೋಡಲಾರೆ. ಮುತ್ತತ್ತಿಯೂ ಹಾಗೆಯೇ. ಅಲ್ಲಿ ದೇವರಿಗೆ ಕೈ ಮುಗಿದು, ಕಾಡು ನೋಡಿ, ಊಟ ಮಾಡಿ ಬರಬೇಕು. ನೀರಿನ ಸಹವಾಸ ಅಲ್ಲಿ ಬೇಡವೇ ಬೇಡ.

ಮಧ್ಯಾಹ್ನಕ್ಕೆ ನಾನು ಹೇಳುವ ಜಾಗ ಪಟ್ಟಣದ ಹತ್ತಿರ, ಹಳೇ ವೆಲ್ಲೆಸ್ಲಿ ಸೇತುವೆ ಕಾಣುವ ಕಡೆ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಬರೀ ಕಲ್ಲಿನ ಕಂಬ, ಕಲ್ಲಿನ ತೊಲೆ. ದಡದಲ್ಲಿ ಹೊಳೆಮತ್ತಿ ಮರಗಳಿವೆ, ಬೆಳ್ಳಗೆ ನುಣುಪಾದ ತೊಗಟೆ. ಅದರ ನೆರಳಿಗೆ ಚಾಪೆ ಹಾಸಿ. ನಿನ್ನ ದೊಡ್ಡಮ್ಮ ಪುಳಿಯೋಗರೆ, ಮೊಸರನ್ನ ಕಟ್ಟಿಕೊಡುತ್ತಾಳೆ. ಉಂಡು ಅಲ್ಲೇ ಇರಿ. ಫೋನನ್ನು ಚೀಲದಲ್ಲಿ ಇಟ್ಟುಬಿಡು. ಮೊದಲ ಅರ್ಧ ಗಂಟೆ ಚಡಪಡಿಕೆ ಆಗುತ್ತದೆ, 'ಮುಂದೆ ಎಲ್ಲಿಗೆ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲ್ಲಿಗೂ ಇಲ್ಲ ಅಂತ ಹೇಳು. ಆಮೇಲೆ ಒಬ್ಬರು ನಿದ್ದೆ ಮಾಡುತ್ತಾರೆ, ಇನ್ನೊಬ್ಬರು ಹಾಡು ಹೇಳುತ್ತಾರೆ. ಬಲೆ ಹಾಕೋಕೆ ತೆಪ್ಪದಲ್ಲಿ ಬಂದವರು ದಡಕ್ಕೆ ಬಂದು ಮಾತಾಡಿಸುತ್ತಾರೆ. ವಾರವೆಲ್ಲ ಗಡಿಯಾರ ನೋಡಿಕೊಂಡು ಕೆಲಸ ಮಾಡುವ ನಿಮಗೆ ಬೇಕಾಗಿರೋದು ಇದೇ ಅಂತ ನನಗೆ ಬಲವಾಗಿ ಅನಿಸುತ್ತದೆ. ನೀನು ಫೋನಿನಲ್ಲಿ ಮಾತಾಡುವಾಗ ದನಿಯಲ್ಲೇ ಆಯಾಸ ಕೇಳುತ್ತದೆ, ಮಗಳೇ. ದೊಡ್ಡಮ್ಮನೂ ಅದನ್ನೇ ಹೇಳುತ್ತಿರುತ್ತಾಳೆ.

ಹೆಂಗಸರು ಬಟ್ಟೆ ಒಗೆಯುವ, ಸ್ನಾನ ಮಾಡುವ ಕಡೆ ಕ್ಯಾಮೆರಾ ತೆಗೀಬಾರದು ಅಂತ ಹುಡುಗರಿಗೆ ನೀನೇ ಹೇಳು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡೋಕೆ ಬಂದವರಿರುತ್ತಾರೆ. ಅಲ್ಲಿ ನಗು, ಕೇಕೆ ಬೇಡ. ಬಾಟಲಿ ತರೋದು ಬೇಡವೇ ಬೇಡ. ಕುಡಿದು ಒಡೆದ ಗಾಜು ದಡದ ಮರಳಿನಲ್ಲಿ ಹೂತಿರುತ್ತದೆ. ಎಮ್ಮೆ ಮೈ ತೊಳೆಯೋಕೆ ಬರಿಗಾಲಲ್ಲಿ ಇಳಿಯುವ ನಮ್ಮ ಹುಡುಗರ ಕಾಲಿಗೆ ಅದು ಚುಚ್ಚೋದು. ತಂದ ಕವರು, ತಟ್ಟೆ ಎಲ್ಲ ಒಂದು ಚೀಲಕ್ಕೆ ತುಂಬಿ ಮನೆಗೇ ತನ್ನಿ.

ವಾಪಸ್ ಬೆಂಗಳೂರಿಗೆ ಹೋಗುವಾಗ ಹೊತ್ತಿದ್ದರೆ ಮದ್ದೂರು ದಾಟಿದ ಮೇಲೆ ಕೊಕ್ಕರೆಬೆಳ್ಳೂರಿಗೆ ತಿರುಗಿ. ಶಿಂಷಾ ಹೊಳೆಯ ಪಕ್ಕದ ಊರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಅವರ ಹೊಲಕ್ಕೆ ಗೊಬ್ಬರ. ಅಲ್ಲಿ ಕಾರಿನ ಹಾರನ್ ಮಾಡಬೇಡಿ.

ಹೊರಡುವ ಮುಂಚೆ ಎರಡು ವಿಷಯ ತಿಳಿಸು. ನಿನ್ನ ಸ್ನೇಹಿತರಲ್ಲಿ ಮಾಂಸ ತಿನ್ನದವರು ಯಾರು ಅಂತ ದೊಡ್ಡಮ್ಮ ಕೇಳುತ್ತಿದ್ದಾಳೆ, ಹಬ್ಬದ ಮಾರನೇ ದಿನ ಮೀನು ಸಾರು, ಮುದ್ದೆ ಮಾಡಬೇಕು ಅಂತಿದ್ದಾಳೆ. ನನಗೆ ಬೇಕಾಗಿರೋದು ಈಜು ಬಾರದವರು ಯಾರು ಅನ್ನೋದು. ಹಬ್ಬದ ದಿನ ಸಂಜೆ ನಾಲ್ಕಕ್ಕೆಲ್ಲ ಊರಿಗೆ ಬಂದುಬಿಡಿ. ಎತ್ತುಗಳಿಗೆ ಬಣ್ಣ ಬಳಿದು ನಾಲೆ ಏರಿ ಮೇಲೇ ಹೊಡೆದುಕೊಂಡು ಬರುತ್ತಾರೆ. ಆಮೇಲೆ ಕಿಚ್ಚು ಹಾಯಿಸೋದು ಇದೆ. ತಡವಾಗಿ ಬಂದರೆ ಕಾರು ನಿಲ್ಲಿಸೋಕೆ ಜಾಗ ಸಿಗಲ್ಲ.

ಇಂತಿ ನಿನ್ನ ಪ್ರೀತಿಯ,
ದೊಡ್ಡಪ್ಪ